ಮಗನ ಕಿವಿ, ನನ್ನ ಚಿಂತೆ

ಆರೋಗ್ಯದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ನಮ್ಮ ಮಹಿಳಾ ವೇದಿಕೆಯವರು ಕೇಳಿದಾಗ ಹಿಂಜರಿದೆ. ನಾನು ಡಾಕ್ಟರಲ್ಲ. ಎಂ.ಟೆಕ್. ಮಾಡಿ ಇಲ್ಲೇ ಪುಣೆಯ ಹಿಂಜವಡಿಯಲ್ಲಿ ಕೋಡ್ ಬರೆಯುವವಳು. ಆದರೆ ಮುಂಚಾಚಿದ ಕಿವಿಯ ಬಗ್ಗೆ ಮಾತಾಡುವ ಅರ್ಹತೆ ಹುಟ್ಟಿನಿಂದಲೇ ಬಂದಿದೆ. ನಾನು ಕೂದಲು ಬಿಟ್ಟುಕೊಂಡಿರುವುದು ಫ್ಯಾಷನ್ನಿಗಲ್ಲ! ಅದೇ ಕಿವಿ ನನ್ನ ಮಗನಿಗೂ ಬಂತು.

ಅವನು ಹುಟ್ಟಿದಾಗ ನಮ್ಮತ್ತೆ ಎಣ್ಣೆ ಹಚ್ಚಿ ನೀರು ಹಾಕುವಾಗ ಮೂಗು ತೀಡಿದ ಹಾಗೆ ಕಿವಿಯನ್ನೂ ಹಿಂದಕ್ಕೆ ಒತ್ತುತ್ತಿದ್ದರು. ನಾನು ಒಳಗೊಳಗೇ ನಗುತ್ತಿದ್ದೆ. ಆದರೆ ಅದರಲ್ಲಿ ಅರ್ಧ ಸತ್ಯವಿತ್ತು. ತಾಯಿಯಿಂದ ಬಂದ ಈಸ್ಟ್ರೋಜೆನ್ ಹಾರ್ಮೋನಿನಿಂದಾಗಿ ಮೊದಲ ಕೆಲವು ವಾರ ಕೂಸಿನ ಕಿವಿಯ ಮೃದ್ವಸ್ಥಿ ಬಹಳ ಮೆತ್ತಗಿರುತ್ತದೆ. ಆಗಲೇ ವೈದ್ಯರು ಅಚ್ಚಿನಂಥ ಪಟ್ಟಿ ಕೂರಿಸಿ ಕೆಲವು ವಾರ ಬಿಟ್ಟರೆ, ಆಪರೇಷನ್ ಇಲ್ಲದೆಯೇ ಎಷ್ಟೋ ಕಿವಿಗಳು ಸರಿಹೋಗುತ್ತವೆ. ಸ್ನಾನದ ಹೊತ್ತಿನಲ್ಲಿ ಎರಡು ನಿಮಿಷ ಒತ್ತಿದರೆ ಸಾಲದು. ಮನೆಯಲ್ಲಿ ಬಾಣಂತಿ ಇದ್ದರೆ ಇದನ್ನು ನೆನಪಿಡಿ. ನಮಗೆ ಹೇಳುವವರಿರಲಿಲ್ಲ.

ಇದು ರೋಗವಲ್ಲ. ಕಿವಿಯ ಹೊರ ಅಂಚಿನ ಒಳಗಡೆ ಒಂದು ಮಡಿಕೆ ಇರುತ್ತದೆ, ಮನೆಗೆ ಹೋಗಿ ಕನ್ನಡಿಯಲ್ಲಿ ನೋಡಿಕೊಳ್ಳಿ. ಅದು ಸರಿಯಾಗಿ ಮೂಡದಿದ್ದರೆ, ಅಥವಾ ಕಿವಿಯ ಬಟ್ಟಲು ಆಳವಾಗಿದ್ದರೆ, ಕಿವಿ ಮುಂದಕ್ಕೆ ಚಾಚುತ್ತದೆ. ಕೇಳುವುದಕ್ಕೆ ಏನೂ ತೊಂದರೆಯಿಲ್ಲ.

ಐದಾರು ವರ್ಷಕ್ಕೆ ಕಿವಿ ಹೆಚ್ಚುಕಡಿಮೆ ಪೂರ್ತಿ ಬೆಳೆದಿರುತ್ತದೆ, ಆಮೇಲೆ ಆಪರೇಷನ್ ಮಾಡಿಸಬಹುದು ಎಂದು ಓದಿದ್ದೇ ತಡ, ಐದು ತುಂಬುತ್ತಲೇ ಮಗನನ್ನು ಕರೆದುಕೊಂಡು ಓಡಿದೆ. ಪ್ಲಾಸ್ಟಿಕ್ ಸರ್ಜನ್ ನನ್ನ ಮಾತು ಕೇಳಿಸಿಕೊಂಡು ಅವನ ಕಡೆ ತಿರುಗಿ, "ನಿನ್ನ ಕಿವಿ ನಿನಗೆ ಇಷ್ಟಾನಾ?" ಅಂದರು. ಅವನು "ಹ್ಞೂಂ" ಅಂದ. "ಅವನೇ ಕೇಳಿದಾಗ ಬನ್ನಿ" ಎಂದು ಕಳಿಸಿಬಿಟ್ಟರು. ನನಗೆ ಸಿಟ್ಟು ಬಂತು. ನಾನು ಶಾಲೆಯಲ್ಲಿ ಅನುಭವಿಸಿದ್ದು ಇವರಿಗೇನು ಗೊತ್ತು?

ಎರಡನೇ ಕ್ಲಾಸಿನಲ್ಲಿ ಹುಡುಗರು 'ಹತ್ತೀ' ಎಂದು ಕರೆಯತೊಡಗಿದರು, ಮರಾಠಿಯಲ್ಲಿ ಆನೆ. ಮಾರ್ಚ್ ಬಿಸಿಲಲ್ಲೂ ಟೋಪಿ. ಕ್ಲಾಸ್ ಫೋಟೋ ದಿನ ಹೊಟ್ಟೆನೋವು. ಆ ರಾತ್ರಿ ಅವನೇ ಕೇಳಿದ, "ಆ ಡಾಕ್ಟರ್ ಹತ್ರ ಹೋಗೋಣ್ವಾ?" ಅವನ ತಲೆಗೆ ಇದನ್ನು ಮೊದಲು ಹಾಕಿದ್ದು ಆ ಹುಡುಗರೋ, ನಾನೋ? ಈಗಲೂ ಹೇಳಲಾರೆ.

ಅತ್ತೆ ಒಪ್ಪಲಿಲ್ಲ. ದೊಡ್ಡ ಕಿವಿ ಅದೃಷ್ಟ, ದೇವರು ಕೊಟ್ಟಿದ್ದಕ್ಕೆ ಕತ್ತರಿ ಹಾಕಬೇಡ ಎಂದರು. ಅದೇ ಕಿವಿಗೆ ವರ್ಷ ತುಂಬುವ ಮೊದಲೇ ಚಿನ್ನದ ತಂತಿ ಚುಚ್ಚಿಸಿದ್ದು ಅವರೇ. ಹಾಗಂತ ಬಾಯಿಬಿಟ್ಟು ಹೇಳಲಿಲ್ಲ ಬಿಡಿ.

ಮಕ್ಕಳಿಗೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಡುತ್ತಾರೆ, ದೊಡ್ಡವರಿಗೆ ಕಿವಿಯ ಸುತ್ತ ಮರಗಟ್ಟಿಸಿದರೂ ಸಾಕು. ಕಿವಿಯ ಹಿಂದೆ ಕೊಯ್ದು, ಮೃದ್ವಸ್ಥಿಗೆ ಒಳಹೊಲಿಗೆ ಹಾಕಿ ಮಡಿಕೆ ಮೂಡಿಸುತ್ತಾರೆ. ಒಂದೆರಡು ಗಂಟೆಯ ಕೆಲಸ. ಬೇಸಿಗೆ ರಜದಲ್ಲಿ ಮಾಡಿಸಿದೆವು. ಎರಡನೇ ರಾತ್ರಿ ಒಂದೇ ಕಿವಿ ವಿಪರೀತ ನೋಯುತ್ತಿದೆ ಎಂದು ಅತ್ತ. ಬೆಳಗಾಗಲಿ ಎಂದು ಕಾಯದೆ ಫೋನ್ ಮಾಡಿದ್ದು ಒಳ್ಳೆಯದಾಯಿತು, ಒಳಗೆ ರಕ್ತ ಹೆಪ್ಪುಗಟ್ಟಿತ್ತು, ತೆಗೆದರು. ಒಂದೇ ಕಡೆ ನೋವು ಏರುತ್ತಿದ್ದರೆ ಸುಮ್ಮನಿರಬೇಡಿ. ಸೋಂಕಾಗಬಹುದು, ಹೊಲಿಗೆ ಸಡಿಲವಾಗಿ ಕಿವಿ ಮತ್ತೆ ಚಾಚಬಹುದು, ಕೆಲವರಿಗೆ ಗಾಯದ ಕಲೆ ಉಬ್ಬಿ ಬೆಳೆಯುತ್ತದೆ. ಕೆಲವು ವಾರ ರಾತ್ರಿ ತಲೆಪಟ್ಟಿ ಕಟ್ಟಿಕೊಂಡೇ ಮಲಗಬೇಕು. ಇನ್ಶೂರೆನ್ಸ್ ಸಾಮಾನ್ಯವಾಗಿ ಸಿಗುವುದಿಲ್ಲ, ಸೌಂದರ್ಯ ಚಿಕಿತ್ಸೆಯ ಲೆಕ್ಕಕ್ಕೆ ಸೇರಿಸುತ್ತಾರೆ.

ಈಗ ಅವನ ಎಡಕಿವಿ ಬಲಕ್ಕಿಂತ ಒಂಚೂರು ಹೆಚ್ಚು ಒತ್ತಿಕೊಂಡಿದೆ. ಅದು ಕಾಣುವುದು ನನ್ನ ಕಣ್ಣಿಗೆ ಮಾತ್ರ. ಟೋಪಿ ಎಲ್ಲಿದೆಯೋ ಅವನಿಗೆ ಗೊತ್ತಿಲ್ಲ.

ನೀವೂ ಮಾಡಿಸಿಕೊಳ್ಳುತ್ತೀರಾ ಎಂದು ಸರ್ಜನ್ ನನ್ನನ್ನೂ ಕೇಳಿದರು, ಇದಕ್ಕೆ ವಯಸ್ಸಿನ ಮಿತಿ ಇಲ್ಲವಂತೆ. ಇನ್ನೂ ಉತ್ತರ ಕೊಟ್ಟಿಲ್ಲ. ಯಾರಿಗಾದರೂ ಏನಾದರೂ ಕೇಳುವುದಿದ್ದರೆ ಊಟದ ಹೊತ್ತಿನಲ್ಲಿ ಸಿಗುತ್ತೇನೆ.