ಊರು ಬೆಳೆಯುವಾಗ ಲೆಕ್ಕ ಇಡುವವರು ಯಾರು?

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಐವತ್ತು ವರ್ಷ ತುಂಬಿದ ಶಾಲೆಯ ಹಬ್ಬದಲ್ಲಿ ಮಾತನಾಡಲು ಕರೆದಾಗ ಹಳೆಯ ನೆನಪು ಹೇಳಿ ಕೂತುಬಿಡೋಣ ಎಂದುಕೊಂಡಿದ್ದೆ. ಆದರೆ ಸಮಿತಿಯವರು, 'ನೀವು ಪರಿಸರದ ಕೆಲಸದಲ್ಲಿ ಇದ್ದವರು, ನಮ್ಮ ಊರುಗಳು ಬೆಳೆಯುತ್ತಿರುವ ರೀತಿಯ ಬಗ್ಗೆ ಮಾತನಾಡಿ' ಎಂದರು. ಆಗ ನನಗೆ ನೆನಪಾದದ್ದು ಭೂಗೋಳದ ಮೇಷ್ಟ್ರು. ಅವರು ಈಗಲೂ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಎಂಟನೇ ತರಗತಿಯಲ್ಲಿ ಒಂದು ದಿನ ಅವರು ಒಂದು ಬಿಂದಿಗೆ ನೀರು ತರಿಸಿ, ಇದೇ ಅಂಗಳದ ಮೇಲ್ಗಡೆ ಸುರಿಸಿದರು. 'ಎಲ್ಲಿಗೆ ಹೋಗುತ್ತದೋ ನೋಡಿ ಬರೆಯಿರಿ' ಎಂದರು. ಪಾಠ ಅಷ್ಟೇ. ನಾವು ನೀರಿನ ಹಿಂದೆ ಓಡಿದೆವು. ಅದು ಧ್ವಜದ ಕಟ್ಟೆ ಸುತ್ತಿ, ಗೇಟಿನ ಕೆಳಗೆ ನುಸುಳಿ, ರಸ್ತೆಯ ಪಕ್ಕದ ಚರಂಡಿ ಸೇರಿತು. ಆ ಪಾಠವನ್ನು ನಾನು ಮರೆತದ್ದರಿಂದ ಏನಾಯಿತು ಎಂಬುದನ್ನು ಇವತ್ತು ಹೇಳಬೇಕು.

ಮೊದಲು ನಮ್ಮ ಜಿಲ್ಲೆಯನ್ನು ನೋಡೋಣ. 2007ರ ಆಗಸ್ಟ್‌ನಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಆಯಿತು. ಮರುವರ್ಷ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಅಂದಿನಿಂದ ಬೆಂಗಳೂರು ಉತ್ತರಕ್ಕೆ ನಡೆದು ಬರುತ್ತಲೇ ಇದೆ. ಹೆದ್ದಾರಿಯ ಎರಡೂ ಕಡೆ, ಶಿಡ್ಲಘಟ್ಟದ ದಾರಿಯಲ್ಲಿ, ಚಿಂತಾಮಣಿಯ ಸುತ್ತ, ಗೌರಿಬಿದನೂರಿನ ಹೊರವಲಯದಲ್ಲಿ ಎಲ್ಲಿ ನೋಡಿದರೂ ಕಲ್ಲು ನೆಟ್ಟ ಸೈಟುಗಳು, ಬಣ್ಣದ ಕಮಾನುಗಳು. ಇದು ಕೆಟ್ಟದ್ದು ಎಂದು ನಾನು ಹೇಳಲು ಬಂದಿಲ್ಲ. 2011ರ ಜನಗಣತಿಯಲ್ಲೇ ಜಿಲ್ಲೆಯಲ್ಲಿ ಹನ್ನೆರಡೂವರೆ ಲಕ್ಷ ಜನ ಇದ್ದರು. ಅವರ ಮಕ್ಕಳಿಗೆ ಮನೆ ಬೇಕು, ಕೆಲಸ ಬೇಕು. ಬೇಸಾಯ ಕೈಹತ್ತದೆ ಜಮೀನು ಮಾರಿದ ರೈತನನ್ನು ದೂರುವ ಹಕ್ಕು ಸಂಬಳ ಎಣಿಸುವ ನನಗಿಲ್ಲ.

ಆದರೆ ನಮ್ಮದು ಎಂಥ ನೆಲ? ನಂದಿಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಘ್ನಿ, ಅರ್ಕಾವತಿ ಹುಟ್ಟುತ್ತವೆ ಎಂದು ಪುಸ್ತಕದಲ್ಲಿ ಓದುತ್ತೇವೆ. ಆದರೆ ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿ ಒಂದೂ ಇಲ್ಲ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಅದನ್ನು ಹಿಡಿಯಲು ಹಿರಿಯರು ಕೆರೆ, ಕುಂಟೆ, ಗೋಕಟ್ಟೆ ಕಟ್ಟಿದರು. ಒಂದು ಕೆರೆಯ ಕೋಡಿ ಬಿದ್ದರೆ ಮುಂದಿನ ಕೆರೆಗೆ ನೀರು ಹೋಗುವಂತೆ ಕಾಲುವೆ ತೆಗೆದರು. ಆ ಕಾಲುವೆಗಳು ವರ್ಷದಲ್ಲಿ ಕೆಲವೇ ದಿನ ಹರಿಯುತ್ತವೆ. ಉಳಿದ ದಿನ ಅವು ಜಾಲಿ ಬೆಳೆದ ಹಳ್ಳ, ದನ ಓಡಾಡುವ ದಾರಿ. ನೋಡಿದವರು ಬೀಳು ಬಿದ್ದ ಜಾಗ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡೆ.

2018ರ ಏಪ್ರಿಲ್‌ನಲ್ಲಿ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯಿಂದ ಶಿಡ್ಲಘಟ್ಟ ತಾಲ್ಲೂಕಿನ ಒಂದು ಜಾಗ ನೋಡಲು ಬಂದೆ. ಅಲ್ಲಿ ಮನೆಗಳ ಒಂದು ಸಮುಚ್ಚಯ ಕಟ್ಟುವವರಿದ್ದರು. ಪರಿಸರ ಅನುಮತಿಯ ಅರ್ಜಿ ಸಿದ್ಧಪಡಿಸುವುದು ನನ್ನ ಕೆಲಸ. ಬಿಸಿಲು ಸುಡುತ್ತಿತ್ತು. ಕುರಿ ಕಾಯುತ್ತಿದ್ದ ಒಬ್ಬ ಅಜ್ಜ ಹತ್ತಿರ ಬಂದು, 'ಸಾಮಿ, ಇದು ಕಾಲುವೆ' ಎಂದು ಕೋಲಿನಿಂದ ತೋರಿಸಿದ. ಅವನು ಹಿಂದೆ ಆ ಊರಿನ ನೀರಗಂಟಿ. ನಾನು ನೋಡಿದೆ. ಜಾಲಿಗಿಡ, ಪ್ಲಾಸ್ಟಿಕ್ ಕವರು, ಒಣಗಿದ ಮಣ್ಣು. ನನ್ನ ಕೈಯಲ್ಲಿದ್ದ ನಕ್ಷೆಯಲ್ಲಿ ಕಾಲುವೆ ಇರಲಿಲ್ಲ. ಅದು ಕಟ್ಟುವವರೇ ಕೊಟ್ಟ ನಕ್ಷೆ. ಊರಿನ ಮೂಲ ಗ್ರಾಮನಕ್ಷೆಯನ್ನು ತರಿಸಿ ನೋಡುವುದು ಅರ್ಧ ದಿನದ ಕೆಲಸ. ತರಿಸಲಿಲ್ಲ. 'ಜಾಗದಲ್ಲಿ ನೈಸರ್ಗಿಕ ನೀರಿನ ಹರಿವು ಇಲ್ಲ' ಎಂದು ಬರೆದು ಸಹಿ ಮಾಡಿದೆ.

2021ರ ನವೆಂಬರ್ ನಿಮಗೆಲ್ಲ ನೆನಪಿದೆ. ಎಷ್ಟೋ ವರ್ಷ ಬರ ಕಂಡಿದ್ದ ನಮ್ಮ ಕೆರೆಗಳು ಒಂದರ ಹಿಂದೆ ಒಂದು ಕೋಡಿ ಬಿದ್ದವು. ಜನ ಬಾಗಿನ ಬಿಟ್ಟರು. ಆ ಸಂತೋಷದ ವಾರದಲ್ಲೇ ನನ್ನ ಸಹಪಾಠಿ ಒಬ್ಬನ ಫೋನು ಬಂತು. ಹತ್ತನೇ ತರಗತಿಯವರೆಗೆ ನನ್ನ ಪಕ್ಕದಲ್ಲೇ ಕೂರುತ್ತಿದ್ದವನು. ಆ ಸಮುಚ್ಚಯದ ಕೆಳಗಡೆ ಅವನ ಎರಡು ಎಕರೆ ಹಿಪ್ಪುನೇರಳೆ ತೋಟ, ಪಕ್ಕದಲ್ಲೇ ಹುಳು ಮನೆ. ಸಮುಚ್ಚಯದೊಳಗೆ ಒಂದು ಹನಿ ನೀರೂ ನುಗ್ಗಿರಲಿಲ್ಲ, ಏಕೆಂದರೆ ಅಲ್ಲಿ ಮಣ್ಣು ತುಂಬಿ ಎತ್ತರ ಮಾಡಿದ್ದರು. ದಾರಿ ಕಳೆದುಕೊಂಡ ನೀರು ಕಾಂಪೌಂಡು ಗೋಡೆಗುಂಟ ಹರಿದು ರಾತ್ರಿ ಅವನ ಹುಳು ಮನೆಗೆ ನುಗ್ಗಿತ್ತು. ನಾಲ್ಕನೇ ಜ್ವರ ಎದ್ದು, ಇನ್ನೆರಡು ಮೂರು ದಿನದಲ್ಲಿ ಹಣ್ಣಾಗಿ ಚಂದ್ರಂಕಿ ಏರಬೇಕಿದ್ದ ಹುಳು. ರೇಷ್ಮೆ ಬೆಳೆಯುವ ಮನೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಸೊಪ್ಪು, ಮೊಟ್ಟೆ, ಕೂಲಿ, ನಿದ್ದೆಗೆಟ್ಟ ರಾತ್ರಿ ಎಲ್ಲ ಹಾಕಿ ಆದಮೇಲೆ, ಕೈಗೆ ಬರುವ ಹೊತ್ತಿಗೆ ಹೋದ ಬೆಳೆ ಅದು.

ಅವನು ಬೈಯಲಿಲ್ಲ. 'ರಿಪೋರ್ಟಲ್ಲಿ ನಿನ್ ಹೆಸರು ಐತಂತಲ್ಲೋ. ನೀನು ಬೇಸಿಗೇಲಿ ಬಂದು ನೋಡಿ ಹೋದೆ. ಕಾಲುವೆ ಬರೋದು ಮಳೆಗಾಲದಾಗೆ ಕಣೋ' ಎಂದ. ನನ್ನ ವೃತ್ತಿಯ ಬಗ್ಗೆ ಅದಕ್ಕಿಂತ ನಿಖರವಾದ ಮಾತನ್ನು ಯಾವ ತಜ್ಞರಿಂದಲೂ ನಾನು ಕೇಳಿಲ್ಲ.

ಮಕ್ಕಳೇ, ಈ ವೃತ್ತಿ ಏನೆಂದು ನಿಮಗೆ ತಿಳಿದಿರಲಿ. ಒಂದು ಕಾರ್ಖಾನೆ, ಗಣಿ, ಅಣೆಕಟ್ಟು, ಹೊಸ ಪಟ್ಟಣ ಬರುವ ಮುಂಚೆ ಅದರಿಂದ ನೀರು, ಗಾಳಿ, ನೆಲ, ಜನರ ಬದುಕಿಗೆ ಏನಾಗಬಹುದು ಎಂದು ಲೆಕ್ಕ ಹಾಕುವುದಕ್ಕೆ ಪರಿಸರ ಪರಿಣಾಮ ಅಧ್ಯಯನ ಎನ್ನುತ್ತಾರೆ. ಅಮೆರಿಕ 1970ರಲ್ಲಿ ಇದನ್ನು ಕಾನೂನಾಗಿ ಜಾರಿಗೆ ತಂದಿತು. ನಮ್ಮಲ್ಲಿ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 1994ರಲ್ಲಿ ಮೊದಲ ಅಧಿಸೂಚನೆ ಬಂತು. ಈಗ ನಡೆಯುತ್ತಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆಯಂತೆ. ಗಣಿ, ದೊಡ್ಡ ಕಾರ್ಖಾನೆಗಳ ವಿಷಯದಲ್ಲಿ ಸ್ಥಳೀಯರ ಅಹವಾಲು ಸಭೆ ನಡೆಸಬೇಕು ಎಂಬ ನಿಯಮ ಅದರಲ್ಲಿದೆ. ಒಳ್ಳೆಯ ನಿಯಮ.

ಆದರೆ ಅದೇ ಅಧಿಸೂಚನೆಯಲ್ಲಿ ಕಟ್ಟಡ ಯೋಜನೆ, ಬಡಾವಣೆ, ಟೌನ್‌ಶಿಪ್‌ಗಳಿಗೆ ಅಹವಾಲು ಸಭೆಯಿಂದ ವಿನಾಯಿತಿ ಕೊಟ್ಟಿದ್ದಾರೆ. ಅಂದರೆ ಆ ನೀರಗಂಟಿ ಅಜ್ಜ ಎದ್ದು ನಿಂತು 'ಇದು ಕಾಲುವೆ' ಎಂದು ಹೇಳಲು ಒಂದು ಸಭೆಯೇ ಇರಲಿಲ್ಲ. ಅವನಿಗೆ ಸಿಕ್ಕ ಸಭೆ ಎಂದರೆ ಬಿಸಿಲಲ್ಲಿ ನಿಂತಿದ್ದ ನಾನೊಬ್ಬನೇ.

ಇನ್ನೊಂದು ವಿಷಯ. ಬಡಾವಣೆ 50 ಹೆಕ್ಟೇರ್ ಮುಟ್ಟಿದರೆ, ಅಂದರೆ ಸುಮಾರು 123 ಎಕರೆ ದಾಟಿದರೆ, ವಿಸ್ತೀರ್ಣದ ಲೆಕ್ಕದಲ್ಲಿ ಪರಿಸರ ಅನುಮತಿ ಬೇಕು. ನಮ್ಮ ಕಡೆ ಅಷ್ಟು ದೊಡ್ಡ ಬಡಾವಣೆ ಎಷ್ಟಿವೆ? ನಮ್ಮಲ್ಲಿ ಊರು ಬೆಳೆಯುವುದು ಹತ್ತು ಎಕರೆ, ಇಪ್ಪತ್ತೈದು ಎಕರೆ ಲೆಕ್ಕದಲ್ಲಿ. ಈಗ ನಿಮಗೊಂದು ಗಣಿತ. ಒಂದೇ ಕೆರೆಯ ಮೇಲ್ಭಾಗದಲ್ಲಿ ಇಪ್ಪತ್ತೈದು ಎಕರೆಯ ಆರು ಬಡಾವಣೆಗಳಿವೆ ಎಂದುಕೊಳ್ಳಿ. ಒಟ್ಟು 150 ಎಕರೆ. ಒಂದೊಂದರಲ್ಲಿ 400 ಮನೆ, ಮನೆಗೆ ನಾಲ್ಕು ಜನ. ಪಟ್ಟಣದ ಅಳತೆಯಂತೆ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು. ಗುಣಿಸಿದರೆ ಆರು ಬಡಾವಣೆಗೆ ದಿನಕ್ಕೆ ಸುಮಾರು 13 ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ 260 ಟ್ಯಾಂಕರ್, ಪ್ರತಿದಿನ. ಬಳಸಿದ ನೀರಿನಲ್ಲಿ ನೂರಕ್ಕೆ ಎಂಬತ್ತು ಭಾಗ ಕೊಳಚೆಯಾಗುತ್ತದೆ ಎಂದು ಹಿಡಿಯುವುದು ರೂಢಿ. ಅದು ಹತ್ತು ಲಕ್ಷ ಲೀಟರ್ ಮೀರುತ್ತದೆ. ಇಳಿಜಾರು ಯಾವ ಕಡೆ? ಕೆರೆಯ ಕಡೆ. ಇನ್ನು ಆ 150 ಎಕರೆಯ ಮೇಲೆ ವರ್ಷಕ್ಕೆ ಸುರಿಯುವ ಮಳೆ 42 ಕೋಟಿ ಲೀಟರಿಗೂ ಹೆಚ್ಚು. ಅದರಲ್ಲಿ ಹೊಲ ಕುಡಿಯುತ್ತಿದ್ದ ಪಾಲು ಈಗ ಸಿಮೆಂಟಿನ ಮೇಲೆ ಹರಿದು ಯಾರದೋ ಮನೆ ಹುಡುಕಿಕೊಂಡು ಹೋಗುತ್ತದೆ.

ಆರನ್ನೂ ಕೂಡಿಸಿದರೆ 50 ಹೆಕ್ಟೇರ್ ದಾಟುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಒಂದೂ ದಾಟುವುದಿಲ್ಲ. ಪ್ರತಿಯೊಬ್ಬರ ಕಾಗದಪತ್ರವೂ ಸರಿಯಾಗಿರಬಹುದು. ಯಾರೂ ಕಾನೂನು ಮುರಿಯದೆಯೇ ಒಂದು ಕೆರೆ ಸಾಯಬಹುದು. ನಾನು ಇವತ್ತು ಹೇಳಬೇಕೆಂದಿರುವುದು ಇದೊಂದೇ ಮಾತು: ಬಿಡಿ ಲೆಕ್ಕ ಇಡುವವರು ಬಹಳ ಜನ ಇದ್ದಾರೆ, ಕೂಡಿಸುವವರು ಇಲ್ಲ.

ಕೂಡಿಸದಿದ್ದರೆ ಏನಾಗುತ್ತದೆ ಎಂದರೆ, ನಮ್ಮ ಬಾಯಾರಿಕೆಯ ಬಿಲ್ಲು ಬೇರೆ ಊರಿಗೆ ಹೋಗುತ್ತದೆ. ನಮ್ಮ ಕೊಳವೆಬಾವಿ ಸಾವಿರ ಅಡಿ ದಾಟಿದವು, ಫ್ಲೋರೈಡ್ ಬಂತು. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಹೆಬ್ಬಾಳ–ನಾಗವಾರ ಕಣಿವೆಯಿಂದ 65 ಕೆರೆಗಳಿಗೆ ದಿನಕ್ಕೆ 210 ದಶಲಕ್ಷ ಲೀಟರ್ ತುಂಬಿಸುವ ಯೋಜನೆ ಬಂತು. ಕಂದವಾರ ಕೆರೆಯಲ್ಲಿ ನೀರು ನೋಡಿದಾಗ ಸಂತೋಷವಾಯಿತು. ಎರಡು ಹಂತ ಸಂಸ್ಕರಿಸಿದರೆ ಸಾಲದು, ಮೂರನೇ ಹಂತವೂ ಬೇಕು ಎಂದು ಇಲ್ಲಿನ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಪಶ್ಚಿಮಘಟ್ಟದಿಂದ ಎತ್ತಿನಹೊಳೆಯ ನೀರು ತರುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಉದ್ಘಾಟನೆಯಾಯಿತು. ಕುಡಿಯುವ ನೀರಿನ ಯೋಜನೆ ಎಂಬ ಕಾರಣಕ್ಕೆ ಅದಕ್ಕೆ ಈ ಪರಿಸರ ಅನುಮತಿಯೇ ಬೇಕಾಗಲಿಲ್ಲ. ಆ ಹೊಳೆ ನೇತ್ರಾವತಿ ಸೇರಿ ಮಂಗಳೂರಿನಲ್ಲಿ ಕಡಲಿಗೆ ಹೋಗುವಂಥದ್ದು. ನಮಗೆ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಕಾಲುವೆಯನ್ನು ನಾವೇ ಮುಚ್ಚಿ, ಕರಾವಳಿಯವರ ಹೊಳೆಗೆ ಕೈಚಾಚುವಾಗ ಅವರ ಮುಖ ನೋಡುವ ಧೈರ್ಯ ನಮಗಿರಬೇಕಲ್ಲವೇ?

ಈಗ ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕೆಗಾಗಿ ಎರಡೂವರೆ ಸಾವಿರ ಎಕರೆಗೂ ಹೆಚ್ಚು ಜಮೀನಿನ ಪ್ರಸ್ತಾವದ ಬಗ್ಗೆ ಊರೂರಲ್ಲಿ ಚರ್ಚೆ ನಡೆದಿದೆ. ಕೊಡುತ್ತೇವೆ ಎನ್ನುವವರೂ ಇದ್ದಾರೆ, ಕೊಡುವುದಿಲ್ಲ ಎನ್ನುವವರೂ ಇದ್ದಾರೆ. ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ಆದ ಮನೆಗಳೂ ಇವೆ. ಪಕ್ಕದ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ಮೂರು ವರ್ಷಕ್ಕೂ ಮೀರಿದ ಹೋರಾಟದ ನಂತರ, 2025ರ ಜುಲೈನಲ್ಲಿ 1,777 ಎಕರೆಯ ಭೂಸ್ವಾಧೀನ ಕೈಬಿಡುವುದಾಗಿ ಸರ್ಕಾರ ಹೇಳಿತು. ಯಾವ ಕಡೆ ನಿಲ್ಲಬೇಕೆಂದು ಈ ವೇದಿಕೆಯಿಂದ ನಾನು ಹೇಳುವುದಿಲ್ಲ. ಎರಡೂ ಕಡೆಯವರು ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ: ನೀರು ಎಲ್ಲಿಂದ ಬರುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಶಿಡ್ಲಘಟ್ಟದ ರೀಲರಿಗೆ ಗೂಡು ಬೇಯಿಸಲು ಶುದ್ಧ ನೀರು ಬೇಕು. ಧೂಳು ಕೂತ ಸೊಪ್ಪನ್ನು ಹುಳು ತಿನ್ನುವುದಿಲ್ಲ. ಇವೂ ಲೆಕ್ಕಕ್ಕೆ ಬರಬೇಕು.

ಹಾಗಾದರೆ ಕೂಡಿಸುವವರು ಯಾರು? ಈ ಶಾಲೆಯೇ ಶುರು ಮಾಡಲಿ ಎಂಬುದು ನನ್ನ ಕೋರಿಕೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಪ್ರತಿ ಹಳ್ಳಿಯ ಗ್ರಾಮನಕ್ಷೆ ಸರ್ಕಾರದಿಂದಲೇ ಸಿಗುತ್ತದೆ. ಅದರಲ್ಲಿ ಕೆರೆ, ಕಾಲುವೆ, ಖರಾಬು ಜಾಗವನ್ನು ನೀಲಿ ಬಣ್ಣದಿಂದ ಗುರುತಿಸಿ. ಹಿರಿಯರನ್ನು, ನೀರಗಂಟಿಗಳನ್ನು ಕರೆದುಕೊಂಡು ನಡೆದು ನೋಡಿ. ಆದರೆ ಮಳೆ ಬಂದ ಮರುದಿನ ಹೋಗಿ. ಆಮೇಲೆ ಹೊಸ ಬಡಾವಣೆಗಳನ್ನು ಕೆಂಪಿನಲ್ಲಿ ತುಂಬುತ್ತಾ ಬನ್ನಿ, ಎಕರೆ ಕೂಡಿಸುತ್ತಾ ಬನ್ನಿ. ಕೆಂಪು ನೀಲಿಯನ್ನು ತುಳಿದಲ್ಲೆಲ್ಲಾ ಒಂದು ಗುರುತು ಹಾಕಿ. ಪಟ್ಟಣದ ಕರಡು ಮಹಾಯೋಜನೆ ಪ್ರಕಟವಾದಾಗ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಲು ಅವಕಾಶವಿರುತ್ತದೆ. ಆಗ ಆ ನಕ್ಷೆಯನ್ನು ದೊಡ್ಡವರ ಕೈಗೆ ಕೊಡಿ. ಗ್ರಾಮಸಭೆಯಲ್ಲಿ ಹರಡಿ. ಭಾಷಣಕ್ಕಿಂತ ನಕ್ಷೆಗೆ ಉತ್ತರ ಕೊಡುವುದು ಕಷ್ಟ.

ನನ್ನ ಗೆಳೆಯ ಮತ್ತೆ ಹುಳು ಮೇಯಿಸುತ್ತಿದ್ದಾನೆ. ಹುಳು ಮನೆಯ ಹೊಸ್ತಿಲನ್ನು ಎರಡು ಅಡಿ ಎತ್ತರಿಸಿದ್ದಾನೆ. ಆ ಎರಡು ಅಡಿಯ ಖರ್ಚನ್ನು ನಾನು ಕೊಡಲು ಹೋದೆ. 'ನಿನ್ ದುಡ್ಡು ಬೇಡ, ಊರಿನ ಹುಡುಗರಿಗೆ ಅದನ್ನ ಹೇಳಿಕೊಡು' ಎಂದ. ಅದಕ್ಕೇ ಇವತ್ತು ಬಂದಿದ್ದೇನೆ. ನೀರಗಂಟಿ ಅಜ್ಜನಿಗೆ ಇದನ್ನು ಹೇಳೋಣವೆಂದು ಹೋದೆ, ಅವನು ತೀರಿಕೊಂಡಿದ್ದ.

ಮೇಷ್ಟ್ರೇ, ನೀವು ಅಂದು ಕೊಟ್ಟ ಪಾಠದ ಉತ್ತರವನ್ನು ನಾನು ಒಮ್ಮೆ ತಪ್ಪು ಬರೆದೆ. ಇವತ್ತು ತಿದ್ದಿ ಒಪ್ಪಿಸುತ್ತಿದ್ದೇನೆ. ಮಕ್ಕಳೇ, ನಾಳೆಯೇ ಒಂದು ಬಿಂದಿಗೆ ನೀರು ತನ್ನಿ, ಅಂಗಳದಲ್ಲಿ ಸುರಿಯಿರಿ. ಎಲ್ಲಿಗೆ ಹೋಗುತ್ತದೋ ನೋಡಿ ಬರೆಯಿರಿ.