ಮೀಟರ್ ಯಾಕೆ ಓಡುತ್ತಿದೆ?
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ನನ್ನನ್ನು ಇಂದು ವೇದಿಕೆಗೆ ಕರೆದಿದ್ದೀರಿ. ಕಚೇರಿಗಳ ಕಂಪ್ಯೂಟರ್ ಜಾಲ ನೋಡಿಕೊಳ್ಳುವುದು ನನ್ನ ಕೆಲಸ. ಅದರಿಂದ ಕಲಿತ ಒಂದೇ ಮಾತು ಹೇಳಿ ಕೂರುತ್ತೇನೆ.

ರಾತ್ರಿ ದೀಪ, ಫ್ಯಾನು, ಮೋಟರು ಎಲ್ಲ ಆರಿಸಿದ್ದೀರಿ. ಆದರೂ ಕರೆಂಟ್ ಮೀಟರ್ ಜೋರಾಗಿ ಓಡುತ್ತಿದೆ. ಯಾರೋ ನಮ್ಮ ಲೈನಿಗೆ ಕೊಕ್ಕೆ ಹಾಕಿರಬೇಕು ಎಂದು ಅನುಮಾನಪಡುತ್ತೀರಿ. ಕಂಪ್ಯೂಟರಿಗೂ ಅಂಥ ಮೀಟರ್ ಇದೆ: ಎಷ್ಟು ಮಾಹಿತಿ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು, ಎಲ್ಲಿಗೆ ಹೋಯಿತು ಎಂಬ ಲೆಕ್ಕ.

1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳಶಾಸ್ತ್ರಜ್ಞರಿಗೆ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಕಂಡಿತು. ಒಂದು ಡಾಲರೂ ಅಲ್ಲ. ಬೇರೆಯವರಾದರೆ ಬಿಟ್ಟುಬಿಡುತ್ತಿದ್ದರು. ಅವರು ಬಿಡಲಿಲ್ಲ. ಹೊರಗಿನಿಂದ ಬರುವ ಲೈನುಗಳಿಗೆ ಪ್ರಿಂಟರ್ ಜೋಡಿಸಿ, ಬಂದುಹೋದ ಪ್ರತಿ ಅಕ್ಷರವನ್ನೂ ಕಾಗದಕ್ಕಿಳಿಸಿ ತಿಂಗಳುಗಟ್ಟಲೆ ಕಾದರು. ಕೊನೆಗೆ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರ ಮುಟ್ಟಿತು. ಅಲ್ಲಿಂದ ಒಬ್ಬ ಅಮೆರಿಕದ ಸೇನಾ ಕಂಪ್ಯೂಟರುಗಳಿಗೆ ನುಗ್ಗುತ್ತಿದ್ದ. ಕದ್ದ ಮಾಹಿತಿ ಸೋವಿಯತ್ ಗೂಢಚಾರರಿಗೆ ಮಾರಾಟವಾಗುತ್ತಿತ್ತು. ಸ್ಟಾಲ್ ತಮ್ಮ ಪುಸ್ತಕಕ್ಕೆ ಕೋಗಿಲೆಯ ಮೊಟ್ಟೆ ಎಂಬರ್ಥದ ಹೆಸರಿಟ್ಟರು. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಡುವುದು ನಮಗೆ ಹೊಸದಲ್ಲವಲ್ಲ!

ನಾನು ಸ್ಟಾಲ್ ಅವರಷ್ಟು ಎಚ್ಚರವಿರಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಚಿಕ್ಕ ಕಚೇರಿಯ ಜಾಲ ನನ್ನ ಉಸ್ತುವಾರಿಯಲ್ಲಿತ್ತು. ಅಲ್ಲಿನ ಲೆಕ್ಕದ ಕಂಪ್ಯೂಟರ್, ಯಾರೂ ಇಲ್ಲದ ಹೊತ್ತಿನಲ್ಲಿ, ಹತ್ತು ನಿಮಿಷಕ್ಕೊಮ್ಮೆ ಒಂದೇ ಅಪರಿಚಿತ ವಿಳಾಸವನ್ನು ಸಂಪರ್ಕಿಸುತ್ತಿತ್ತು. ನನ್ನ ಕಣ್ಣಿಗೆ ಬಿತ್ತು. ಆದರೆ ಯಂತ್ರ ನಿಧಾನವಾಗಿರಲಿಲ್ಲ, ಆಂಟಿವೈರಸ್ ಸುಮ್ಮನಿತ್ತು. ‘ಏನೋ ಅಪ್‌ಡೇಟ್ ಇರಬೇಕು’ ಎಂದು ಬಿಟ್ಟೆ. ಎಂಟನೆಯ ದಿನ ಬೆಳಿಗ್ಗೆ ಒಂದು ಫೈಲೂ ತೆರೆಯಲಿಲ್ಲ; ಹಣ ಕೊಟ್ಟರೆ ಬಿಡುತ್ತೇವೆಂಬ ಬರಹ ಪರದೆಯ ಮೇಲಿತ್ತು. ಬ್ಯಾಕಪ್ ಮೂರು ತಿಂಗಳು ಹಳೆಯದು. ಅಲ್ಲಿನ ಗುಮಾಸ್ತೆಯೊಬ್ಬರು ರಸೀದಿ ಕಟ್ಟುಗಳನ್ನು ಬಿಚ್ಚಿ ಅಷ್ಟೂ ಲೆಕ್ಕವನ್ನು ಮತ್ತೆ ತುಂಬಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆದ್ದರಿಂದ ನಾಲ್ಕು ಲಕ್ಷಣ ನೆನಪಿಡಿ. ಯಾರೂ ಬಳಸದ ಹೊತ್ತಿನಲ್ಲಿ ಮಾಹಿತಿ ರಾಶಿ ರಾಶಿ ಹೊರಗೆ ಹೋಗುವುದು. ಗಡಿಯಾರ ಹೊಡೆದಂತೆ ಒಂದೇ ಅಪರಿಚಿತ ವಿಳಾಸಕ್ಕೆ ಸಂಪರ್ಕ. ಒಂದು ಕಂಪ್ಯೂಟರ್ ಪಕ್ಕದ ಎಲ್ಲ ಕಂಪ್ಯೂಟರುಗಳ ಬಾಗಿಲು ಬಡಿಯುವುದು. ನೀವು ಬರೆಯದ ಇಮೇಲ್ ನಿಮ್ಮ ಹೆಸರಿನಲ್ಲಿ ಹೋಗುವುದು. ವಿಂಡೋಸ್‌ನ ರಿಸೋರ್ಸ್ ಮಾನಿಟರ್ ತೆರೆದು ನೆಟ್‌ವರ್ಕ್ ಭಾಗ ನೋಡಿದರೆ ಯಾವ ಪ್ರೋಗ್ರಾಂ ಎಲ್ಲಿಗೆ ಎಷ್ಟು ಕಳಿಸುತ್ತಿದೆ ಎಂದು ಕಾಣುತ್ತದೆ.

ಹಾಗೆಂದು ಎಲ್ಲವೂ ಕಳ್ಳತನವಲ್ಲ. ಅಪ್‌ಡೇಟ್, ಫೋಟೊ ಬ್ಯಾಕಪ್ ಕೂಡ ರಾತ್ರಿಯೇ ನಡೆಯಬಹುದು. ಮಾಮೂಲು ಯಾವುದೆಂದು ತಿಳಿದವನಿಗೆ ಮಾತ್ರ ಮಾಮೂಲಲ್ಲದ್ದು ಕಾಣುತ್ತದೆ. ಅನುಮಾನ ಬಂದರೆ ಮೊದಲು ನೆಟ್ ಕೇಬಲ್ ಕೀಳಿ, ವೈಫೈ ಆರಿಸಿ. ಬೇರೆ ಕಂಪ್ಯೂಟರಿನಿಂದ ಪಾಸ್‌ವರ್ಡ್ ಬದಲಿಸಿ. ಏನನ್ನೂ ಅಳಿಸದೆ ಬಲ್ಲವರಿಗೆ ತೋರಿಸಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಇಂಥ ಸೋಂಕು ತೆಗೆಯುವ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಮ್ಮ ಶಾಲೆಯ ಆಫೀಸಿನ ಕಂಪ್ಯೂಟರಿನಲ್ಲಿ ಈ ಮಕ್ಕಳ ಹೆಸರು, ಜನ್ಮದಿನಾಂಕ, ಅಪ್ಪ ಅಮ್ಮನ ಫೋನ್ ನಂಬರ್ ಇವೆ. ಅದು ನಮ್ಮ ಮನೆಯ ಪೆಟ್ಟಿಗೆಯಿದ್ದಂತೆ. ನಮ್ಮ ಕಾಲದಲ್ಲಿ ಗಣಿತದ ಮೇಷ್ಟ್ರು ಹಾಜರಿ ಪುಸ್ತಕ ತೆರೆಯುವ ಮೊದಲೇ ಯಾರು ಬಂದಿಲ್ಲ, ಬೇರೆ ಕ್ಲಾಸಿನವನು ಯಾರು ನುಸುಳಿದ್ದಾನೆ ಎಂದು ಹೇಳುತ್ತಿದ್ದರು. ದಿನವೂ ನೋಡುತ್ತಿದ್ದರು, ಅದಕ್ಕೇ ಗೊತ್ತಾಗುತ್ತಿತ್ತು.

ಇವತ್ತು ಒಂದು ಉದ್ದ ನೋಟ್‌ಬುಕ್ ತಂದಿದ್ದೇನೆ. ಹತ್ತನೇ ತರಗತಿಯ ಮಕ್ಕಳು ಮೇಷ್ಟ್ರ ಜೊತೆ ಕೂತು, ವಾರಕ್ಕೊಮ್ಮೆ ಕಂಪ್ಯೂಟರಿನ ಮೀಟರ್ ನೋಡಿ ಇದರಲ್ಲಿ ಬರೆಯಲಿ. ರಜೆಗೆ ಊರಿಗೆ ಬಂದಾಗಲೆಲ್ಲ ನಾನೂ ಕೂತು ನೋಡುತ್ತೇನೆ. 75 ಸೆಂಟಿನಷ್ಟು ವ್ಯತ್ಯಾಸ ಕಂಡರೂ ನನಗೆ ಫೋನ್ ಮಾಡಿ ಮಕ್ಕಳೇ. ಈ ಸಲ ‘ಏನೋ ಅಪ್‌ಡೇಟ್ ಇರಬೇಕು’ ಎನ್ನುವುದಿಲ್ಲ.