ಹನ್ನೊಂದು ಜನ, ಒಂದೇ ಪಾಸ್‌ವರ್ಡ್

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಲೆಕ್ಕಪತ್ರ ಒಪ್ಪಿಸಿ ಆಯಿತು. ಇನ್ನು ಐದು ನಿಮಿಷ ನಮ್ಮ ವೆಬ್‌ಸೈಟ್ ಬಗ್ಗೆ ಹೇಳುತ್ತೇನೆ. ಇದೂ ಒಂದು ಲೆಕ್ಕವೇ.

ಕಳೆದ ರಂಝಾನ್‌ನಲ್ಲಿ ಏನಾಯಿತು ಅಂತ ನಿಮಗೆ ಗೊತ್ತುಂಟು. ಮಯ್ಯತ್ ಊರಿಗೆ ಕಳಿಸಲು ಬೇಕಾದ ದಾಖಲೆಗಳ ಪುಟದಲ್ಲಿ ಯಾರೋ ಫೋನ್ ನಂಬರ್ ಬದಲಾಯಿಸುವಾಗ, ರಾಯಭಾರ ಕಚೇರಿಯ ಎನ್‌ಒಸಿ ಅನ್ನುವ ಸಾಲೇ ಅಳಿಸಿಹೋಯಿತು. ಆ ಪಟ್ಟಿಯನ್ನು ನಂಬಿ ಓಡಾಡಿದ ಸಹೋದರನಿಗೆ ಒಂದು ದಿನ ಹೆಚ್ಚು ಹಿಡಿಯಿತು. ಊರಲ್ಲಿ ಉಮ್ಮ ಕಾಯುತ್ತಾ ಇದ್ದರು. ಅಳಿಸಿದ್ದು ಯಾರು? ಗೊತ್ತಾಗಲಿಲ್ಲ. ಹನ್ನೊಂದು ಜನರ ಹತ್ತಿರ ಒಂದೇ ಪಾಸ್‌ವರ್ಡ್. ಎಲ್ಲ ಬದಲಾವಣೆಗೂ ಒಂದೇ ಹೆಸರು.

ಆಫೀಸಿನಲ್ಲಿ ವೋಚರ್ ಬರೆಯುವವನೇ ಚೆಕ್ಕಿಗೆ ಸಹಿ ಹಾಕುವುದಿಲ್ಲ. ಅವನ ಮೇಲೆ ಸಂಶಯ ಅಂತಲ್ಲ. ನಾಳೆ ತಪ್ಪಾದರೆ ತಪ್ಪು ಮಾಡದವನ ಮೇಲೆ ಮಾತು ಬರಬಾರದು ಅಂತ.

ನಮ್ಮ ಸೈಟ್ ಇರುವುದು ವರ್ಡ್‌ಪ್ರೆಸ್‌ನಲ್ಲಿ. ಅದರಲ್ಲಿ ಐದು ದರ್ಜೆ ಮೊದಲೇ ಉಂಟು. ಸಬ್‌ಸ್ಕ್ರೈಬರ್ ತನ್ನ ಪ್ರೊಫೈಲ್ ಮಾತ್ರ ತಿದ್ದಬಹುದು. ಕಾಂಟ್ರಿಬ್ಯೂಟರ್ ಬರೆದು ಪರಿಶೀಲನೆಗೆ ಕಳಿಸಬಹುದು. ಪ್ರಕಟಿಸಲು ಆಗುವುದಿಲ್ಲ, ಫೋಟೋ ಅಪ್‌ಲೋಡ್ ಮಾಡಲೂ ಆಗುವುದಿಲ್ಲ. ಆಥರ್ ತನ್ನ ಬರಹವನ್ನು ತಾನೇ ಪ್ರಕಟಿಸಬಹುದು. ಎಡಿಟರ್ ಎಲ್ಲರ ಬರಹವನ್ನೂ ತಿದ್ದಬಹುದು. ಅಡ್ಮಿನ್ ಕೈಯಲ್ಲಿ ಇಡೀ ಸೈಟ್.

ಇಲ್ಲಿ ಒಂದು ವಿಷಯ ಗಮನಿಸಿ. ಸುದ್ದಿ ಹಾಕುವ ಪೋಸ್ಟ್ ಬೇರೆ, ದಾಖಲೆ ಪಟ್ಟಿಯಂಥ ಕಾಯಂ ಪೇಜ್ ಬೇರೆ. ಪೇಜನ್ನು ಎಡಿಟರ್‌ಗಿಂತ ಕೆಳಗಿನವರು ಮುಟ್ಟಲಾರರು. ಆದರೆ ಎಡಿಟರ್ ಸೇವ್ ಮಾಡಿದ ಕೂಡಲೇ ಅದು ಎಲ್ಲರಿಗೂ ಕಾಣುತ್ತದೆ, ಎರಡನೆಯವರ ಸಹಿ ಕೇಳುವುದಿಲ್ಲ. ಆ ಸಹಿಯನ್ನು ನಾವೇ ಇಡಬೇಕು. ಪೇಜ್ ತಿದ್ದುವ ಮೊದಲು ಇನ್ನೊಬ್ಬ ಎಡಿಟರ್‌ಗೆ ವಾಟ್ಸಾಪ್‌ನಲ್ಲಿ ತೋರಿಸಿ.

ನನ್ನ ಸಲಹೆ ಇಷ್ಟು. ಅಡ್ಮಿನ್ ಇಬ್ಬರು, ಯಾಕೆಂದರೆ ಒಬ್ಬರು ರಜೆಗೆ ಊರಿಗೆ ಹೋದರೂ ಕೆಲಸ ನಿಲ್ಲಬಾರದು. ಎಡಿಟರ್ ಇಬ್ಬರು. ಘಟಕಗಳ ಏಳು ಜನ ಕಾಂಟ್ರಿಬ್ಯೂಟರ್. ಹನ್ನೊಂದು ಜನರಿಗೆ ಹನ್ನೊಂದು ಲಾಗಿನ್.

ಆಗ ತಪ್ಪಾದರೂ ರಿವಿಷನ್ಸ್ ತೆರೆದು, ಯಾರು ಯಾವಾಗ ಏನು ಬದಲಾಯಿಸಿದರು ಅಂತ ನೋಡಿ, ಹಳೆಯದನ್ನು ವಾಪಸ್ ತರಬಹುದು. ಅಳಿಸಿದ ಪುಟ ಸಾಮಾನ್ಯವಾಗಿ 30 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ. ಆಮೇಲೆ ಇಲ್ಲ.

ಎಕ್ಸಿಟ್‌ನಲ್ಲಿ ಊರಿಗೆ ಹೋದವರ ಲಾಗಿನ್ ಅವಸರದಲ್ಲಿ ಡಿಲೀಟ್ ಮಾಡಬೇಡಿ. ಅವರು ಬರೆದದ್ದನ್ನು ಅಳಿಸಬೇಕಾ, ಇನ್ನೊಬ್ಬರ ಹೆಸರಿಗೆ ಹಾಕಬೇಕಾ ಅಂತ ಕೇಳುತ್ತದೆ. ಎರಡನೆಯದನ್ನೇ ಆರಿಸಿ. ಅವರ ವರ್ಷಗಳ ಕೆಲಸ ಅದು.

ಕೊನೆಯ ಮಾತು. ಆ ಸಾಲು ಅಳಿಸಿದ್ದು ನಾನೇ ಇರಬಹುದು. ಆ ವಾರ ನಾನೂ ಲಾಗಿನ್ ಆಗಿದ್ದೆ. ನಾನಲ್ಲ ಅಂತ ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಮಯ್ಯತ್ ಮನೆಯವರು ನಂಬುವ ಪುಟ ನಮ್ಮ ಕೈಯಲ್ಲಿರುವ ಅಮಾನತ್. ಊಟಕ್ಕೆ ಏಳುವ ಮೊದಲು ಹನ್ನೊಂದು ಜನವೂ ನಿಮ್ಮ ನಿಮ್ಮ ಇಮೇಲ್ ಬರೆದುಕೊಡಿ. ಇನ್ಷಾ ಅಲ್ಲಾಹ್, ಇವತ್ತು ರಾತ್ರಿಯೇ ಹಳೆ ಪಾಸ್‌ವರ್ಡ್ ಬದಲಾಯಿಸುತ್ತೇನೆ.